ಓದುಗರ ಪ್ರಶ್ನೋತ್ತರ: ಚೀಟಿಯಲ್ಲಿ ಬರೆಯದೆ ಉಳಿದ ಸಾಲು

ಈ ತಿಂಗಳು ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳವು. ಎಲ್ಲರೂ ಕಾಯಿಲೆಯ ವಿಷಯವನ್ನೇ ಬರೆದಿದ್ದಾರೆ. ಆದರೆ ಪತ್ರವನ್ನು ಕೊನೆಯವರೆಗೆ ಓದಿದರೆ ಅವರು ಕೇಳಿರುವುದು ಮನೆಯ, ಕೂಲಿಯ, ನೀರಿನ, ಕಾಗದಪತ್ರದ ಪ್ರಶ್ನೆ. ಆರೋಗ್ಯ ಕೇಂದ್ರದಲ್ಲಿ ಮಾತ್ರೆ ಸಿಕ್ಕಿದೆ, ಇದಕ್ಕೆ ಉತ್ತರ ಸಿಕ್ಕಿಲ್ಲ. ವಕೀಲಿಯ ಜೊತೆಗೆ ಕಾನೂನು ನೆರವಿನ ಕೆಲಸವನ್ನೂ ಮಾಡುತ್ತಿರುವುದರಿಂದ ಸಂಪಾದಕರು ಈ ಪತ್ರಗಳನ್ನು ನನಗೆ ದಾಟಿಸಿದ್ದಾರೆ. ಬರೆದವರ ಹೆಸರು, ಊರು ಗುರುತಾಗದಂತೆ ಪತ್ರಗಳನ್ನು ಸಂಕ್ಷೇಪಿಸಲಾಗಿದೆ.

ಪ್ರಶ್ನೆ: ನನ್ನ ಯಜಮಾನರಿಗೆ 41 ವರ್ಷ. ದಾವಣಗೆರೆಯ ಮಂಡಕ್ಕಿ ಭಟ್ಟಿಯೊಂದರಲ್ಲಿ 18 ವರ್ಷದಿಂದ ಒಲೆಯ ಮುಂದೆ ದುಡಿದಿದ್ದಾರೆ. ಮೂರು ವರ್ಷದಿಂದ ಕೆಮ್ಮು, ದಮ್ಮು. ಕಫ ಪರೀಕ್ಷೆಯಲ್ಲಿ ಕ್ಷಯ ಇಲ್ಲವೆಂದು ಬಂದಿದೆ. ಎಳೆದುಕೊಳ್ಳುವ ಔಷಧಿ ಕೊಟ್ಟಿದ್ದಾರೆ. ಮನೆಯಲ್ಲಿದ್ದರೆ ಕಡಿಮೆ, ಕೆಲಸಕ್ಕೆ ಹೋದ ವಾರದಲ್ಲೇ ಮತ್ತೆ ಶುರು. ಕಳೆದ ಎರಡು ತಿಂಗಳಿಂದ ಕೆಲಸಕ್ಕೆ ಹೋಗಲು ಆಗಿಲ್ಲ. ಮಾಲೀಕರು ‘ಇವನು ನಮ್ಮ ಆಳೇ ಅಲ್ಲ, ದಿನಗೂಲಿಗೆ ಬಂದು ಹೋಗುತ್ತಿದ್ದ’ ಎನ್ನುತ್ತಾರೆ. ಭಟ್ಟಿಯ ಹಿಂದಿನ ತಗಡಿನ ಮನೆಯನ್ನೂ ಖಾಲಿ ಮಾಡಿ ಎಂದಿದ್ದಾರೆ. ಡಾಕ್ಟರನ್ನು ಕೇಳಿದರೆ ‘ಹೊಗೆಯಿಂದ ದೂರ ಇರಿ’ ಎನ್ನುತ್ತಾರೆ. ದೂರ ಇದ್ದು ಉಣ್ಣುವುದು ಏನನ್ನು? ನಾವು ಯಾರನ್ನು ಕೇಳಬೇಕು?

ಉತ್ತರ: ನಿಮ್ಮ ಪತ್ರದ ಜೊತೆ ಲಗತ್ತಿಸಿದ್ದ ಮೂರು ಆಸ್ಪತ್ರೆ ಚೀಟಿಗಳ ನಕಲನ್ನು ಮೊದಲು ನೋಡಿದೆ. ಮಡಿಸಿ ಮಡಿಸಿ ಪಡಿತರ ಚೀಟಿಯ ಪ್ಲಾಸ್ಟಿಕ್ ಕವರಿನೊಳಗೆ ಇಟ್ಟುಕೊಂಡಿದ್ದಿರಬೇಕು, ಮಡಿಕೆಯ ಗೆರೆಗಳಲ್ಲಿ ಅಕ್ಷರ ಅಳಿಸಿದೆ. ಮೂರರಲ್ಲೂ ವಯಸ್ಸಿದೆ, ರಕ್ತದೊತ್ತಡವಿದೆ, ಔಷಧಿಯ ಹೆಸರುಗಳಿವೆ. ವೃತ್ತಿ ಎಂಬಲ್ಲಿ ಒಂದರಲ್ಲಿ ಅಡ್ಡಗೆರೆ, ಉಳಿದ ಎರಡರಲ್ಲಿ ‘ಕೂಲಿ’. ನಿಮ್ಮ ಪ್ರಕರಣದ ಕಷ್ಟವೆಲ್ಲ ಆ ಎರಡಕ್ಷರದಲ್ಲಿದೆ. ಕೂಲಿ ಎಂದರೆ ಮೆಣಸಿನಕಾಯಿ ಬಿಡಿಸುವವರೂ ಆಗಬಹುದು, ಕಲ್ಲು ಒಡೆಯುವವರೂ ಆಗಬಹುದು, ಹತ್ತಿ ಜಿನ್ನಿಂಗಿನಲ್ಲಿ ನಿಂತವರೂ ಆಗಬಹುದು. ಭತ್ತದ ಹೊಟ್ಟಿನ, ಕೆಲವು ಕಡೆ ಹಳೆಯ ಟೈರಿನ ಹೊಗೆಯ ಮುಂದೆ ಕಾದ ಮರಳಿನಲ್ಲಿ ಅಕ್ಕಿ ಹುರಿಯುತ್ತ 18 ವರ್ಷ ಕಳೆದವರು ಎಂದು ಆ ಪದ ಯಾರಿಗೂ ಹೇಳುವುದಿಲ್ಲ.

ಆದ್ದರಿಂದ ನಿಮ್ಮ ಮೊದಲ ಕೆಲಸ ವಕೀಲರ ಬಳಿ ಅಲ್ಲ, ಅದೇ ಆಸ್ಪತ್ರೆಯಲ್ಲಿ. ಮುಂದಿನ ಸಲ ಹೋದಾಗ ಯಾವ ಕೆಲಸ, ಎಷ್ಟು ವರ್ಷ, ದಿನಕ್ಕೆ ಎಷ್ಟು ಗಂಟೆ, ಕೆಲಸ ಬಿಟ್ಟಾಗ ದಮ್ಮು ಕಡಿಮೆಯಾಗುತ್ತದೆಯೇ ಎಂಬುದನ್ನು ವೈದ್ಯರಿಗೆ ಹೇಳಿ, ಚೀಟಿಯಲ್ಲಿ ಬರೆಯುವಂತೆ ಕೇಳಿಕೊಳ್ಳಿ. ಶ್ವಾಸಕೋಶದ ಸಾಮರ್ಥ್ಯವನ್ನು ಊದಿಸಿ ನೋಡುವ ಪರೀಕ್ಷೆ ಆಗಿರದಿದ್ದರೆ, ಅದಕ್ಕಾಗಿ ದೊಡ್ಡ ಆಸ್ಪತ್ರೆಗೆ ಬರೆದುಕೊಡಲು ಹೇಳಿ. ಹಳೆಯ ದಾಖಲೆಗಳು ಬೇಕಿದ್ದರೆ ಲಿಖಿತವಾಗಿ ಕೇಳಿ. ರೋಗಿ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಾವಳಿ ಹೇಳುತ್ತದೆ.

ಇನ್ನು ಪರಿಹಾರದ ಮಾತು. ನಿಮಗೆ ಸುಳ್ಳು ಭರವಸೆ ಕೊಡಲಾರೆ. ಕೆಲಸದಿಂದ ಬಂದ ರೋಗವನ್ನು ಕೆಲಸದಲ್ಲಾದ ಅಪಘಾತದಂತೆಯೇ ಎಣಿಸಿ ಮಾಲೀಕರಿಂದ ಪರಿಹಾರ ಕೊಡಿಸುವ ಏರ್ಪಾಟು 1923ರ ಕಾಯಿದೆಯಿಂದ ಬಂದದ್ದು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದು ಮುಂದುವರಿದಿದೆ. ಆದರೆ ಕಾನೂನು ಇದಕ್ಕೆ ರೋಗಗಳ ಒಂದು ಪಟ್ಟಿ ಇಟ್ಟುಕೊಂಡಿದೆ. ಕಲ್ಲಿನ ಧೂಳಿನಿಂದ ಬರುವ ಸಿಲಿಕೋಸಿಸ್ ಅದರಲ್ಲಿದೆ. ಹತ್ತಿಯ ಧೂಳಿನಿಂದ ಬರುವ ಬಿಸಿನೋಸಿಸ್ ಅದರಲ್ಲಿದೆ. ಹತ್ತಿ ಗಿರಣಿಗಳಿಂದಲೇ ಹೆಸರಾಗಿದ್ದ ದಾವಣಗೆರೆಯಲ್ಲಿ ಆ ಎರಡನೆಯ ಹೆಸರನ್ನು ಕೇಳಿದ ಕಾರ್ಮಿಕರು ಎಷ್ಟು ಮಂದಿ ಇದ್ದರೋ ನಾನು ಕಾಣೆ. ಭಟ್ಟಿಯ ಹೊಗೆಯಿಂದ ಬಂದ ದಮ್ಮು ಮಾತ್ರ ಹಾಗೆ ಹೆಸರು ಹಿಡಿದು ಪಟ್ಟಿಯಲ್ಲಿಲ್ಲ. ಪಟ್ಟಿಯಲ್ಲಿರುವ ರೋಗವಾದರೆ ಕೆಲಸದಿಂದಲೇ ಬಂದಿತೆಂದು ಕಾನೂನು ಊಹಿಸಿಕೊಳ್ಳುತ್ತದೆ. ಇಲ್ಲದಿದ್ದರೆ ಪ್ರತಿಯೊಂದನ್ನೂ ನಾವೇ ರುಜುವಾತು ಮಾಡಬೇಕು, ಅದು ಕಡಿದಾದ ದಾರಿ. ವೈದ್ಯರ ಒಂದು ಸಾಲಿಗೆ ಅಷ್ಟು ಬೆಲೆ ಬರುವುದು ಅಲ್ಲಿ.

ಗಡುವಿನ ವಿಷಯವನ್ನೂ ನೆನಪಿಡಿ. 1923ರ ಕಾಯಿದೆ ಪರಿಹಾರದ ಅರ್ಜಿಗೆ ಎರಡು ವರ್ಷದ ಮಿತಿ ಇಟ್ಟಿತ್ತು. ರೋಗದ ವಿಷಯದಲ್ಲಿ, ಆ ರೋಗದ ಕಾರಣಕ್ಕೆ ಸತತವಾಗಿ ಕೆಲಸ ತಪ್ಪಿಸಿದ ಮೊದಲ ದಿನವನ್ನು ಅಪಘಾತದ ದಿನವೆಂದು ಎಣಿಸುತ್ತಿತ್ತು. ನಿಮ್ಮ ಯಜಮಾನರು ಕೆಲಸ ಬಿಟ್ಟು ಎರಡು ತಿಂಗಳಾಗಿದೆ. ಗಡಿಯಾರ ಆಗಲೇ ತಿರುಗುತ್ತಿದೆ ಎಂದು ತಿಳಿದೇ ನಡೆಯಿರಿ.

ಮಾಲೀಕರು ‘ನಮ್ಮ ಆಳೇ ಅಲ್ಲ’ ಎನ್ನುವುದು ಈ ಬಗೆಯ ಪ್ರಕರಣಗಳಲ್ಲಿ ಮಾಮೂಲು. ಹಾಜರಿ ಪುಸ್ತಕವೇ ಬೇಕೆಂದಿಲ್ಲ. ಫೋನಿಗೆ ಕೂಲಿ ಜಮೆಯಾದ ಸಂದೇಶ, ಮುಂಗಡ ಕೊಟ್ಟಾಗ ಬರೆದ ಚೀಟಿ, ಭಟ್ಟಿಯ ಮುಂದೆ ತೆಗೆದ ಹಬ್ಬದ ಫೋಟೊ, ಜೊತೆಯಲ್ಲಿ ದುಡಿದ ಇಬ್ಬರ ಹೇಳಿಕೆ, ಅಸಂಘಟಿತ ಕಾರ್ಮಿಕರ ಇ-ಶ್ರಮ ಕಾರ್ಡಿನಲ್ಲಿ ನಮೂದಾದ ಕಸುಬು, ಇವೆಲ್ಲ ಕೂಡಿ ಸಾಕ್ಷ್ಯವಾಗುತ್ತವೆ. ಇವುಗಳನ್ನು ಒಂದೆಡೆ ಸೇರಿಸಿ ನಗರದ ನ್ಯಾಯಾಲಯ ಸಂಕೀರ್ಣದಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. 1987ರ ಕಾಯಿದೆಯ 12ನೇ ಕಲಮಿನಂತೆ ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ವಕೀಲರ ನೆರವು ಉಚಿತ. ಆದ್ದರಿಂದ ಮನೆಯ ವಿಷಯದ ಅರ್ಜಿ ನಿಮ್ಮ ಹೆಸರಿನಲ್ಲೇ ಇರಲಿ. ಬಿಳಿ ಹಾಳೆಯಲ್ಲಿ ಕನ್ನಡದಲ್ಲಿ ಬರೆದರೆ ಸಾಕು. ಹೋಗುವ ಮೊದಲು ವಿಚಾರಿಸಬೇಕೆನಿಸಿದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಬಹುದು.

ತಗಡಿನ ಮನೆಯ ವಿಷಯದಲ್ಲಿ ಒಂದು ಎಚ್ಚರ. ನೀವು ಬಾಡಿಗೆ ಕೊಡುತ್ತಿದ್ದುದಕ್ಕೆ ಗುರುತಿದ್ದರೆ ನಿಮ್ಮ ಕೈ ಗಟ್ಟಿ. ಬೀಗ ಹಾಕಿ ಸಾಮಾನು ಹೊರಗೆಸೆದರೆ ಆರು ತಿಂಗಳೊಳಗೆ ಸಿವಿಲ್ ನ್ಯಾಯಾಲಯದಲ್ಲಿ ಸ್ವಾಧೀನ ಮರಳಿ ಕೇಳಬಹುದು. ಕೆಲಸದ ಜೊತೆಗೆ ಪುಕ್ಕಟೆಯಾಗಿ ಕೊಟ್ಟ ಜಾಗವಾದರೆ ಹಕ್ಕು ತೆಳುವಾಗುತ್ತದೆ. ಹಾಗಾಗಿ ಮನೆ ಮತ್ತು ಪರಿಹಾರ ಎರಡನ್ನೂ ಒಟ್ಟಿಗೆ ಸೇರಿಸಿ, ದಾವೆ ಹೂಡುವ ಮೊದಲೇ ಪ್ರಾಧಿಕಾರದ ಮೂಲಕ ಮಾಲೀಕರನ್ನು ರಾಜಿಗೆ ಕರೆಸುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಲೋಕ ಅದಾಲತ್ತಿನಲ್ಲಿ ಆದ ರಾಜಿಗೆ ನ್ಯಾಯಾಲಯದ ಡಿಕ್ರಿಯ ಬಲವಿದೆ, ಶುಲ್ಕವಿಲ್ಲ, ಮೇಲ್ಮನವಿಯೂ ಇಲ್ಲ. ಆ ಕಾರಣಕ್ಕೇ ಒಪ್ಪಂದದ ಕಾಗದಕ್ಕೆ ಸಹಿ ಹಾಕುವ ಮೊದಲು ಅದನ್ನು ಓದಿಸಿಕೊಂಡು ಕೇಳಿ.

ಚಿಕಿತ್ಸೆಯ ಖರ್ಚಿಗೆ ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ರಕ್ಷಣೆ ಇದೆ. ತುರ್ತು ಸ್ಥಿತಿಯ ಹೊರತು ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಬೇಕಾಗುವುದರಿಂದ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗಿ ಹಣ ಕಟ್ಟಿಬಿಡಬೇಡಿ.

ಪ್ರಶ್ನೆ: ನಾನು ಜಗಳೂರು ತಾಲ್ಲೂಕಿನ ಆಶಾ ಕಾರ್ಯಕರ್ತೆ. ನಮ್ಮ ಊರಿನಲ್ಲಿ ನಲವತ್ತು ದಾಟಿದವರಿಗೆಲ್ಲ ಸೊಂಟ, ಮಂಡಿ ಹಿಡಿದುಕೊಂಡಿದೆ, ಮಕ್ಕಳ ಹಲ್ಲು ಕಂದುಗಟ್ಟಿದೆ. ಆಸ್ಪತ್ರೆಯಲ್ಲಿ ನೋವಿನ ಮಾತ್ರೆ ಕೊಡುತ್ತಾರೆ. ಶುದ್ಧ ನೀರಿನ ಘಟಕ ಕೆಟ್ಟು ನಾಲ್ಕು ತಿಂಗಳಾಯಿತು. ನಾನು ದೂರು ಬರೆದರೆ ‘ನಿನಗ್ಯಾಕೆ ಇದೆಲ್ಲ’ ಎನ್ನುತ್ತಾರೆ. ನಾನು ಬರೆಯಬಹುದೇ?

ಉತ್ತರ: ಬರೆಯಬಹುದು, ಆದರೆ ಒಬ್ಬರೇ ಬರೆಯಬೇಡಿ. ನಿಮ್ಮ ಗ್ರಾಮದಲ್ಲಿ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಇದೆ, ಅದರಲ್ಲಿ ನೀವೂ ಒಬ್ಬರು. ಸಮಿತಿಯ ಸಭೆಯಲ್ಲಿ ಠರಾವು ಮಾಡಿಸಿ ಅದನ್ನು ಪಿಡಿಒ ಅವರಿಗೆ ಕೊಟ್ಟು ಸ್ವೀಕೃತಿ ಪಡೆದರೆ ಅದು ಆಶಾ ಕಾರ್ಯಕರ್ತೆಯ ದೂರಾಗುವುದಿಲ್ಲ, ಸಮಿತಿಯ ದಾಖಲೆಯಾಗುತ್ತದೆ. ಅದನ್ನೇ ಮುಂದಿನ ಗ್ರಾಮಸಭೆಯಲ್ಲಿ ಓದಿಸಿ ನಡಾವಳಿಗೆ ಸೇರಿಸಿ. ಕೆಲಸ ಆಗದಿದ್ದರೆ ಠರಾವಿನ ಪ್ರತಿಯನ್ನು ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗೆ ಅಂಚೆಯಲ್ಲಿ ನೋಂದಾಯಿಸಿ ಕಳುಹಿಸಿ. ಕುಡಿಯುವ ನೀರನ್ನು ಬದುಕುವ ಹಕ್ಕಿನ ಭಾಗವೆಂದು ನಮ್ಮ ಸರ್ವೋಚ್ಚ ನ್ಯಾಯಾಲಯ ಒಪ್ಪಿದೆ. ಅಲ್ಲಿಯವರೆಗೆ ಹೋಗುವ ಅಗತ್ಯ ಬಾರದಿರಲಿ.

ನೀವು ಬರೆದಿರುವ ಲಕ್ಷಣಗಳು ಕುಡಿಯುವ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚಾದಾಗ ಬರುವ ಫ್ಲೋರೋಸಿಸ್ ಕಾಯಿಲೆಯಂತಿವೆ. ಠರಾವಿನಲ್ಲಿ ‘ನೀರು ಸರಿಯಿಲ್ಲ’ ಎಂದು ಬರೆದರೆ ಪ್ರಯೋಜನವಿಲ್ಲ, ಅಂಕಿ ಬೇಕು. ನಮ್ಮ ದೇಶದ ಮಾನದಂಡದ ಪ್ರಕಾರ ಲೀಟರ್ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಸಹಿಸಬಹುದು. ಜಲ ಜೀವನ್ ಮಿಷನ್ನಿನಲ್ಲಿ ಗ್ರಾಮ ಪಂಚಾಯಿತಿಗಳಿಗೆ ಪರೀಕ್ಷಾ ಕಿಟ್ ಕೊಟ್ಟಿದ್ದಾರೆ. ಅದು ಎಲ್ಲಿದೆ ಎಂದು ಕೇಳಿದ ದಿನವೇ ಅರ್ಧ ಕೆಲಸ ಆಗುತ್ತದೆ. ಚಿತ್ರದುರ್ಗ, ಜಗಳೂರು ಕಡೆಯ ಬಂಡೆನೆಲದಲ್ಲಿ ಕೊಳವೆಬಾವಿ ಆಳಕ್ಕೆ ಹೋದಷ್ಟೂ ಈ ತೊಂದರೆ ಹೆಚ್ಚುತ್ತ ಬಂದಿರುವುದನ್ನು ಹಳ್ಳಿಯವರು ಅನುಭವದಿಂದಲೇ ಬಲ್ಲರು.

ನಿಮ್ಮ ಮನೆಭೇಟಿಗಳಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕಾಗುತ್ತದೆ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದುದರಲ್ಲಿ ಅದು ಇನ್ನಷ್ಟು ದಟ್ಟವಾಗುತ್ತದೆ. ಹಾಲು, ಸೊಪ್ಪು, ನೆಲ್ಲಿಕಾಯಿ ಹೆಚ್ಚಲಿ. ಹಾಲಿಲ್ಲದ ಕಡು ಚಹಾ, ಕಪ್ಪುಪ್ಪು ಕಡಿಮೆಯಾಗಲಿ. ಮೂಳೆಗೆ ಇಳಿದ ಫ್ಲೋರೋಸಿಸನ್ನು ಹಿಂದೆ ತಿರುಗಿಸುವ ಔಷಧಿ ಇಲ್ಲವಾದ್ದರಿಂದ ನೀರು ಬದಲಾಗದೆ ಬರಿಯ ನೋವಿನ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿಸಿದರೆ ಮೂತ್ರಪಿಂಡಕ್ಕೆ ಇನ್ನೊಂದು ಕಾಯಿಲೆ ಬಂದೀತು.

ನಡೆಯಲಾಗದಷ್ಟು ಬಾಗಿದವರು ನಿಮ್ಮ ಊರಲ್ಲಿದ್ದರೆ ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಕರೆದೊಯ್ಯಿರಿ. ವೈದ್ಯಕೀಯ ಮಂಡಳಿ ಶೇ 40 ಅಥವಾ ಹೆಚ್ಚು ಎಂದು ಬರೆದರೆ ಆದಾಯ ಮಿತಿಗೊಳಪಟ್ಟು ಮಾಸಾಶನಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಬಹುದು. ಅರ್ಜಿಯ ಜೊತೆ 15 ಅಂಕಿಯ ಸಕಾಲ ಸಂಖ್ಯೆಯನ್ನು ಕೇಳಿ ಪಡೆಯಿರಿ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಅರ್ಜಿದಾರರಿಗೆ ಕೊಡಬೇಕೆಂಬ ನಿಯಮವಿದೆ. ಆ ದುಡ್ಡು ದೊಡ್ಡದಲ್ಲ. ಆದರೆ ಸಂಖ್ಯೆ ಕೈಯಲ್ಲಿದ್ದವರ ಅರ್ಜಿ ಕಡತದ ಅಡಿಗೆ ಸೇರುವುದು ಕಡಿಮೆ ಎಂಬುದನ್ನು ನೋಡಿದ್ದೇನೆ.

ಪ್ರಶ್ನೆ: ಹರಿಹರದಲ್ಲಿ ಕ್ಷಯಕ್ಕೆ ಚಿಕಿತ್ಸೆ ಪಡೆಯುತ್ತಿದ್ದೇನೆ, ಮೂರು ತಿಂಗಳಾಯಿತು. ಪೌಷ್ಟಿಕ ಆಹಾರದ ಹಣ ಬಂದಿಲ್ಲ.

ಉತ್ತರ: 2018ರಲ್ಲಿ ತಿಂಗಳಿಗೆ 500 ರೂಪಾಯಿಯಾಗಿ ಶುರುವಾದ ನಿಕ್ಷಯ್ ಪೋಷಣ್ ಯೋಜನೆಯ ಹಣ 2024ರ ನವೆಂಬರ್‌ನಿಂದ 1,000 ರೂಪಾಯಿಯಾಗಿದೆ, ಆರು ತಿಂಗಳ ಚಿಕಿತ್ಸೆಗೆ ತಲಾ 3,000ದಂತೆ ಎರಡು ಕಂತು. ಬಾರದಿರಲು ಮುಖ್ಯ ಕಾರಣ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗದಿರುವುದು ಅಥವಾ ಹೆಸರಿನಲ್ಲಿ ಒಂದಕ್ಷರ ವ್ಯತ್ಯಾಸ. ಕ್ಷಯರೋಗ ವಿಭಾಗದ ಮೇಲ್ವಿಚಾರಕರನ್ನು ಕಂಡು ನಿಮ್ಮ ನಿಕ್ಷಯ್ ಗುರುತಿನ ಸಂಖ್ಯೆಯ ಎದುರು ಯಾವ ಖಾತೆ ನಮೂದಾಗಿದೆ ಎಂದು ತೆರೆಯ ಮೇಲೆ ತೋರಿಸಲು ಹೇಳಿ. ಹಣ ಬರಲಿಲ್ಲವೆಂದು ಮಾತ್ರೆ ಬಿಡಬೇಡಿ.

ಪ್ರಶ್ನೆ: ಚನ್ನಗಿರಿ ತಾಲ್ಲೂಕಿನವನು, ವಯಸ್ಸು 72. ಇದ್ದ ಒಂದೂವರೆ ಎಕರೆ ಅಡಿಕೆ ತೋಟವನ್ನು 2019ರಲ್ಲಿ ಮಗನಿಗೆ ದಾನಪತ್ರ ಮಾಡಿಕೊಟ್ಟೆ. ಈಗ ಅವನು ದಾವಣಗೆರೆಯಲ್ಲಿದ್ದಾನೆ, ಕೈ ಖರ್ಚಿಗೂ ಕೊಡುವುದಿಲ್ಲ. ಸಕ್ಕರೆ ಕಾಯಿಲೆಗೆ ಹೊರಗಡೆ ಬರೆದುಕೊಟ್ಟ ಮಾತ್ರೆಯನ್ನು ದಿನ ಬಿಟ್ಟು ದಿನ ತೆಗೆದುಕೊಳ್ಳುತ್ತೇನೆ. ‘ಹೇಳಿದ ಮಾತು ಕೇಳುವುದಿಲ್ಲ ಅಜ್ಜ’ ಎಂದು ಡಾಕ್ಟರು ಬೈಯುತ್ತಾರೆ. ಮಗನ ವಿಷಯ ಅವರ ಮುಂದೆ ಹೇಳಲು ನಾಚಿಕೆ.

ಉತ್ತರ: ಹಿರಿಯರೇ, ನಾಚಿಕೆಯ ಮಾತನ್ನು ಕೊನೆಯಲ್ಲಿ ಬರೆದಿದ್ದೀರಿ, ನಿಮ್ಮ ಸಕ್ಕರೆ ಏರಿಳಿಯುವುದಕ್ಕೆ ನಿಜವಾದ ಕಾರಣ ಅದೇ. ಮುಂದಿನ ಸಲ ಡಾಕ್ಟರ ಬಳಿ ‘ದುಡ್ಡಿಲ್ಲದೆ ದಿನ ಬಿಟ್ಟು ದಿನ ನುಂಗುತ್ತಿದ್ದೇನೆ’ ಎಂದಷ್ಟೇ ಹೇಳಿ, ಮಗನ ಹೆಸರೆತ್ತಬೇಕಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗುವ ಮಾತ್ರೆಗೆ ಬದಲಿಸಿಕೊಡಲು ಅವರಿಗೆ ಅಷ್ಟು ಸಾಕು. ಇಲ್ಲದಿದ್ದರೆ ಮಾತ್ರೆ ಕೆಲಸ ಮಾಡುತ್ತಿಲ್ಲವೆಂದು ತಿಳಿದು ಅವರು ಪ್ರಮಾಣ ಹೆಚ್ಚಿಸುತ್ತಾರೆ, ನೀವು ಒಂದು ದಿನ ಎರಡನ್ನೂ ನುಂಗಿ ಸಕ್ಕರೆ ಕುಸಿದು ಬೀಳುತ್ತೀರಿ.

ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರ ಕಾಯಿದೆ ಇದೆ. ಉಪವಿಭಾಗಾಧಿಕಾರಿಗಳ ಅಧ್ಯಕ್ಷತೆಯ ನ್ಯಾಯಮಂಡಳಿಗೆ ಅರ್ಜಿ ಕೊಟ್ಟರೆ ಮಗನಿಂದ ತಿಂಗಳಿಗೆ ಗರಿಷ್ಠ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು. ಮಗನಿಗೆ ನೋಟಿಸ್ ತಲುಪಿದ 90 ದಿನದೊಳಗೆ ತೀರ್ಮಾನವಾಗಬೇಕು. ನಿಮಗೆ ಓಡಾಡಲು ಆಗದಿದ್ದರೆ ನೀವು ಒಪ್ಪಿಸಿದ ಬೇರೆಯವರು ಅಥವಾ ಸಂಸ್ಥೆಯವರು ಕೊಡಬಹುದು. 14567 ಹಿರಿಯರ ಸಹಾಯವಾಣಿ.

ತೋಟದ ವಿಷಯ ಇಷ್ಟು ಸಲೀಸಲ್ಲ. ಮೂಲ ಅಗತ್ಯಗಳನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಪಡೆದವರು ಷರತ್ತು ಮುರಿದರೆ, ರದ್ದುಪಡಿಸಲು 23ನೇ ಕಲಮು ಅವಕಾಶ ಕೊಡುತ್ತದೆ. ಷರತ್ತು ಇದ್ದುದನ್ನು ತೋರಿಸಲೇಬೇಕೆಂದು ಸರ್ವೋಚ್ಚ ನ್ಯಾಯಾಲಯ 2022ರ ಡಿಸೆಂಬರ್‌ನಲ್ಲಿ ಹೇಳಿತು. 2025ರ ಜನವರಿಯ ತೀರ್ಪಿನಲ್ಲಿ, ಈ ಕಾಯಿದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕೆಂದು ಹೇಳಿ, ನೋಡಿಕೊಳ್ಳುತ್ತೇನೆಂದು ಮಗ ಬೇರೆ ಕಾಗದದಲ್ಲಿ ಬರೆದುಕೊಟ್ಟಿದ್ದನ್ನೂ ಲೆಕ್ಕಕ್ಕೆ ಹಿಡಿಯಿತು. ನಿಮ್ಮ ದಾನಪತ್ರದ ಪ್ರತಿಯನ್ನು ಉಪನೋಂದಣಿ ಕಚೇರಿಯಿಂದ ತೆಗೆಸಿ. ನಮ್ಮ ಕಡೆಯ ಪತ್ರ ಬರೆಯುವವರು ‘ಪ್ರೀತಿ ವಿಶ್ವಾಸದಿಂದ’ ಎಂಬ ಹಳೆಯ ಒಕ್ಕಣೆಯಲ್ಲೇ ನಿಲ್ಲಿಸಿಬಿಡುತ್ತಾರೆ. ‘ಜೀವಿತಾವಧಿ ಸಂರಕ್ಷಣೆ ಮಾಡತಕ್ಕದ್ದು’ ಎಂಬ ಒಂದು ಮಾತು ಅದರಲ್ಲಿದ್ದರೆ ನಿಮ್ಮ ಅರ್ಜಿಗೆ ಕಾಲು ಬಂದಂತೆ. ಆಸ್ತಿ ಬರೆದುಕೊಡಲು ಇನ್ನೂ ಹೊರಟಿರುವ ಓದುಗರು ಆ ಸಾಲನ್ನು ಈಗಲೇ ಬರೆಸಿಕೊಳ್ಳಲಿ.

ಪ್ರಶ್ನೆ: ಹಿರಿಯೂರು ತಾಲ್ಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಶುಶ್ರೂಷಕಿ. ಒಬ್ಬ ಹೆಣ್ಣುಮಗಳು ಈ ವರ್ಷ ಮೂರನೇ ಸಲ ಗಾಯ ಮಾಡಿಕೊಂಡು ಬಂದಳು. ‘ಬಚ್ಚಲಲ್ಲಿ ಜಾರಿ ಬಿದ್ದೆ ಸಿಸ್ಟರ್’ ಎನ್ನುತ್ತಾಳೆ. ಅತ್ತೆ ಪಕ್ಕದಲ್ಲೇ ನಿಂತಿರುತ್ತಾರೆ. ಬರೆದರೆ ಪೊಲೀಸ್ ಕೇಸ್ ಆಗುತ್ತದೆಯೆಂಬ ಭಯ ನಮಗೂ ಇದೆ, ಅವಳಿಗೂ ಇದೆ.

ಉತ್ತರ: ಬಚ್ಚಲಲ್ಲಿ ಜಾರಿದವರಿಗೆ ಮುಂಗೈಯ ಒಳಭಾಗದಲ್ಲಿ ಬೆರಳಿನ ಗುರುತು ಮೂಡುವುದಿಲ್ಲ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಮೊದಲು ಅವಳನ್ನು ಒಬ್ಬಳನ್ನೇ ಮಾತಾಡಿಸುವ ಉಪಾಯ ಮಾಡಿ. ತೂಕ ನೋಡಬೇಕು, ಮೂತ್ರ ಪರೀಕ್ಷೆಗೆ ಕೊಡಬೇಕು, ಇಂಜೆಕ್ಷನ್ ಕೋಣೆಗೆ ಬೇರೆಯವರು ಬರುವಂತಿಲ್ಲ. ಆಸ್ಪತ್ರೆಯಲ್ಲಿ ಇಂಥ ನೆಪಗಳಿಗೆ ಬರವಿಲ್ಲ.

ಕಾನೂನಿನ ಮಾತಿಗೆ ಬಂದರೆ, ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣೆಗಾಗಿ 2005ರಲ್ಲಿ ಬಂದ ಕಾಯಿದೆಯ 7ನೇ ಕಲಮು ಚಿಕಿತ್ಸೆ ಕೊಡುವುದನ್ನು ಆಸ್ಪತ್ರೆಯ ಕರ್ತವ್ಯವಾಗಿಸಿದೆ. ವರದಿ ಆಗಿಲ್ಲವೆಂಬ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವಂತಿಲ್ಲ. ಕೌಟುಂಬಿಕ ಘಟನಾ ವರದಿ ಎಂಬ ನಮೂನೆಯನ್ನು ಆಸ್ಪತ್ರೆಯಲ್ಲೇ ತುಂಬಿ ಸಂರಕ್ಷಣಾಧಿಕಾರಿಗೆ, ಅಂದರೆ ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಕಳುಹಿಸಬೇಕು. ವೈದ್ಯಕೀಯ ವರದಿಯ ಪ್ರತಿಯನ್ನು ಅವಳಿಗೆ ಉಚಿತವಾಗಿ ಕೊಡಬೇಕು. ಆ ವರದಿ ಎಫ್‌ಐಆರ್ ಅಲ್ಲ. ಆದರೆ ಅಧಿಕಾರಿಯ ಮೂಲಕ ಅದು ಮ್ಯಾಜಿಸ್ಟ್ರೇಟರಿಗೂ, ಅದರ ಪ್ರತಿ ಠಾಣೆಗೂ ಹೋಗುತ್ತದೆ. ಅದನ್ನು ಮುಚ್ಚಿಟ್ಟು ಅವಳ ಸಹಿ ಹಾಕಿಸಬೇಡಿ. ಮೂಳೆ ಮುರಿತ, ಸುಟ್ಟ ಗಾಯದಂಥ ಗಂಭೀರ ಪ್ರಕರಣಗಳಲ್ಲಿ ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ವೈದ್ಯಕೀಯ-ಕಾನೂನು ಪ್ರಕರಣ ದಾಖಲಿಸುವುದು ವೈದ್ಯಾಧಿಕಾರಿಯ ಕೆಲಸ. ಅಲ್ಲಿ ನಿಮ್ಮ ಇಚ್ಛೆಯ ಪ್ರಶ್ನೆ ಏಳುವುದಿಲ್ಲ.

ಅವಳು ಇವತ್ತು ಬೇಡವೆಂದರೂ ಆಸ್ಪತ್ರೆಯ ವಹಿಯಲ್ಲಿ ಗಾಯದ ಜಾಗ, ಅಳತೆ, ಬಣ್ಣ, ಅವಳು ಹೇಳಿದ ಕಾರಣ, ಆ ಕಾರಣಕ್ಕೂ ಗಾಯಕ್ಕೂ ತಾಳೆಯಾಗುತ್ತದೆಯೇ ಎಂಬುದನ್ನು ವೈದ್ಯರಿಂದ ಬರೆಸಿಡಿ. ಎರಡು ವರ್ಷದ ಮೇಲೆ ಅವಳು ಕೋರ್ಟಿನ ಮೆಟ್ಟಿಲು ಹತ್ತಿದರೆ ಅವಳ ಪರವಾಗಿ ಮಾತಾಡುವ ಸಾಕ್ಷಿ ಅದೊಂದೇ ಆಗಿರಬಹುದು. ಬರೆಯಬೇಕಾದದ್ದು ವಹಿಯಲ್ಲಿ, ಅವಳ ಕೈಗೆ ಕೊಡುವ ಚೀಟಿಯಲ್ಲಿ ಅಲ್ಲ. ಚೀಟಿಯನ್ನು ಮನೆಯಲ್ಲಿ ಅತ್ತೆ ಓದುತ್ತಾರೆ, ಇಲ್ಲವೇ ಓದಿಸುತ್ತಾರೆ. ಸಹಾಯವಾಣಿಯ ಕರಪತ್ರವನ್ನೂ ಚೀಲಕ್ಕೆ ತುರುಕಿ ಕಳುಹಿಸಬೇಡಿ. 181 ಎಂಬ ಮೂರು ಅಂಕಿ ಬಾಯಿಪಾಠವಾಗಲು ಹೆಚ್ಚು ಹೊತ್ತು ಬೇಡ. ಗಂಡನ ಮನೆಯಲ್ಲಿ ಅವಳ ಹೆಸರಿಗೆ ಒಂದು ಇಟ್ಟಿಗೆಯೂ ಇಲ್ಲದಿದ್ದರೂ ಅಲ್ಲಿ ವಾಸವಿರುವ ಹಕ್ಕು ಈ ಕಾಯಿದೆಯಲ್ಲಿ ಅವಳಿಗಿದೆ ಎಂಬ ಒಂದು ಮಾತನ್ನು ಮಾತ್ರ ಹೇಳಿಡಿ. ಹೊರಗೆ ಹಾಕಿಬಿಡುತ್ತಾರೆಂಬ ಹೆದರಿಕೆಯೇ ಹೆಚ್ಚಿನವರ ಬಾಯಿ ಕಟ್ಟಿರುತ್ತದೆ. ಅರ್ಜಿಯ ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ, ತೀರ್ಮಾನ 60 ದಿನದೊಳಗೆ ಎಂಬುದು ಕಾಯಿದೆಯ ಆಶಯ. ವಾಸ್ತವದಲ್ಲಿ ಹೆಚ್ಚು ಹಿಡಿಯುತ್ತದೆ, ಅದನ್ನೂ ಅವಳಿಗೆ ಹೇಳಿರುವುದು ಒಳ್ಳೆಯದು.

ಪ್ರಶ್ನೆ: ಚಿತ್ರದುರ್ಗ ಜಿಲ್ಲೆಯ ಸಮುದಾಯ ಆರೋಗ್ಯ ಕೇಂದ್ರದಲ್ಲಿ ವೈದ್ಯ, ಸೇವೆಗೆ ಸೇರಿ ಎರಡು ವರ್ಷ. ಬೆಳಗಿನ ಒಪಿಡಿಯಲ್ಲೇ 120 ಜನ ನಿಂತಿರುತ್ತಾರೆ. ರೋಗಿಯ ಜಮೀನು, ಸಂಸಾರ, ಕೂಲಿಯನ್ನೆಲ್ಲ ವಿಚಾರಿಸುತ್ತ ಕುಳಿತರೆ ಸಾಲು ಕರಗುವುದು ಯಾವಾಗ? ಇದು ನಿಜಕ್ಕೂ ನಮ್ಮ ಕೆಲಸವೇ?

ಉತ್ತರ: ಬಗೆಹರಿಸುವುದು ನಿಮ್ಮ ಕೆಲಸವಲ್ಲ. ಕೇಳಿ, ಬರೆದು, ದಾರಿ ತೋರಿಸುವುದು ನಿಮ್ಮ ಕೆಲಸ. ಈ ವಿಚಾರಕ್ಕೆ ಒಂದು ಇತಿಹಾಸವೂ ಇದೆ. 1993ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಬ್ಯಾರಿ ಝುಕರ್‌ಮನ್ ಎಂಬ ಮಕ್ಕಳ ವೈದ್ಯರು ತಮ್ಮ ಆಸ್ಪತ್ರೆಯ ವಿಭಾಗದೊಳಗೇ ವಕೀಲರನ್ನು ಕೂರಿಸಿದರು. ಉಬ್ಬಸದ ಮಕ್ಕಳಿಗೆ ಔಷಧಿ ಕೊಟ್ಟು ಬೂಷ್ಟು ಹಿಡಿದ ಮನೆಗೇ ಮರಳಿ ಕಳುಹಿಸಿದರೆ ಮುಂದಿನ ವಾರ ಅದೇ ಮಕ್ಕಳು ಬರುತ್ತಾರೆ. ಮನೆ ದುರಸ್ತಿ ಮಾಡಿಸುವ ಹೊಣೆ ಮನೆಯೊಡೆಯನದು, ಅದನ್ನು ನೆನಪಿಸಲು ವೈದ್ಯರ ಚೀಟಿ ಸಾಲದು, ವಕೀಲರ ಪತ್ರ ಬೇಕು ಎಂಬುದು ಅವರ ಲೆಕ್ಕಾಚಾರ. ಆ ದೇಶದ ಬಾಡಿಗೆ ಕಾನೂನು, ವಿಮೆ ಬೇರೆ. ನಕಲು ಮಾಡಲು ಹೊರಟರೆ ನಮಗೆ ಹೊಂದುವುದಿಲ್ಲ. ಅದೇ ರೋಗಿ ಅದೇ ತೊಂದರೆಗೆ ಮರಳಿ ಬರುವುದು ಮಾತ್ರ ನಿಮ್ಮ ಒಪಿಡಿಯಲ್ಲೂ ಇದೆ, ಸಾಲು ಉದ್ದವಾಗುವುದಕ್ಕೆ ಅದೂ ಒಂದು ಕಾರಣ.

ನೂರಿಪ್ಪತ್ತು ಜನರನ್ನೂ ವಿಚಾರಿಸಬೇಡಿ. ಇದೇ ತೊಂದರೆಗೆ ಮೂರನೇ ಸಲ ಬಂದವರನ್ನು ಮಾತ್ರ ಕೇಳಿ: ಯಾವ ಕೆಲಸ, ಎಲ್ಲಿ ವಾಸ, ಬರೆದುಕೊಟ್ಟಿದ್ದರಲ್ಲಿ ಯಾವುದು ಸಿಗಲಿಲ್ಲ. ಹಿಂದೊಮ್ಮೆ ಕಲ್ಲು ಕ್ರಷರಿನ ಕಾರ್ಮಿಕರೊಬ್ಬರ ಪರವಾಗಿ ನಾನು ವಾದಿಸಿದ ಪ್ರಕರಣ ಬಿದ್ದುಹೋಯಿತು. ನಾಲ್ಕು ವರ್ಷದಲ್ಲಿ ಹನ್ನೊಂದು ಸಲ ಅವರು ಒಂದೇ ಆಸ್ಪತ್ರೆಗೆ ಹೋಗಿದ್ದರು. ಹನ್ನೊಂದು ಚೀಟಿಯಲ್ಲೂ ‘ಕೆಮ್ಮು, ದಮ್ಮು’ ಇತ್ತು, ಕ್ರಷರ್ ಎಂಬ ಪದ ಒಂದರಲ್ಲೂ ಇರಲಿಲ್ಲ. ಎದುರು ವಕೀಲರು ಚೀಟಿಗಳನ್ನು ಒಂದೊಂದಾಗಿ ಓದಿಸಿದರು, ನನ್ನ ಬಳಿ ಉತ್ತರವಿರಲಿಲ್ಲ. ಬರೆದ ವೈದ್ಯರನ್ನು ದೂರಲಾರೆ. ವೃತ್ತಿ ಏನೆಂದು ಅವರು ಕೇಳಿದ್ದರು. ಇವರು ‘ಕೂಲಿ ಅಂತ ಬರ್ಕೊಳ್ರಿ’ ಎಂದಿದ್ದರು. ಯಾವ ಕೂಲಿ ಎಂಬ ಎರಡನೆಯ ಪ್ರಶ್ನೆ ಹುಟ್ಟಲಿಲ್ಲ.

ಬರೆಯಬಾರದ ಸಾಲುಗಳೂ ಇವೆ. ಹಿರಿಯೂರಿನವರಿಗೆ ಹೇಳಿದ್ದನ್ನು ನೋಡಿ. ಎಚ್‌ಐವಿ ಸೋಂಕಿನ ವಿಷಯವನ್ನು ಒಪ್ಪಿಗೆಯಿಲ್ಲದೆ ಬಯಲು ಮಾಡುವುದನ್ನು 2017ರ ಕಾಯಿದೆ ತಡೆದಿದೆ. ಕಾಂಪೌಂಡರ್ ಕೂಗಿ ಕರೆಯುವ ಚೀಟಿಯ ಮೂಲೆಯಲ್ಲಿ ಗುರುತು ಹಾಕುವ ಹಳೆಯ ರೂಢಿ ಎಲ್ಲಾದರೂ ಉಳಿದಿದ್ದರೆ ನಿಲ್ಲಿಸಿ. ಮಾನಸಿಕ ಕಾಯಿಲೆಯವರಿಗೆ ಉಚಿತ ಕಾನೂನು ನೆರವಿನ ಹಕ್ಕಿದೆ, ಅದನ್ನು ಅವರಿಗೆ ತಿಳಿಸುವ ಹೊಣೆಯನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಮಾನಸಿಕ ಆರೋಗ್ಯ ಸಂಸ್ಥೆಯ ಹೊಣೆ ಹೊತ್ತ ವೈದ್ಯರ ಮೇಲೂ ಹೊರಿಸಿದೆ. ಅಲ್ಲಿಗೆ ‘ನಮ್ಮ ಕೆಲಸವೇ’ ಎಂಬ ನಿಮ್ಮ ಪ್ರಶ್ನೆಯ ಒಂದು ಪಾಲಿಗೆ ಸಂಸತ್ತೇ ಉತ್ತರಿಸಿದಂತಾಯಿತು.

ದಾರಿ ತೋರಿಸಲು ಪಕ್ಕದಲ್ಲಿ ಒಬ್ಬರು ಬೇಕಲ್ಲ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಬಳಿ ತರಬೇತಿ ಪಡೆದ ಅರೆಕಾನೂನು ಸ್ವಯಂಸೇವಕರಿದ್ದಾರೆ. ವಾರಕ್ಕೊಂದು ದಿನ, ಸಂತೆಯ ದಿನವಾದರೆ ಮೇಲು, ಒಬ್ಬರನ್ನು ನಿಮ್ಮ ಕೇಂದ್ರಕ್ಕೆ ಕಳುಹಿಸುವಂತೆ ಆಡಳಿತ ವೈದ್ಯಾಧಿಕಾರಿಗಳ ಸಹಿಯಲ್ಲಿ ಪ್ರಾಧಿಕಾರದ ಕಾರ್ಯದರ್ಶಿಗಳಿಗೆ ಒಂದು ಪತ್ರ ಬರೆಯಿರಿ, ಒಂದು ಪ್ರತಿ ನಿಮ್ಮ ಆರೋಗ್ಯ ರಕ್ಷಾ ಸಮಿತಿಗೆ ಇರಲಿ. ಒಂದು ಮೇಜು, ಎರಡು ಕುರ್ಚಿ ಸಾಕು. ಔಷಧಿ ಕೊಡುವ ಕಿಟಕಿಯ ಹತ್ತಿರ ಹಾಕಿಸಿ, ಏಕೆಂದರೆ ಚೀಟಿ ಕೈಯಲ್ಲಿ ಹಿಡಿದವರು ಹೇಗೂ ಅಲ್ಲಿ ಅರ್ಧ ಗಂಟೆ ಕಾಯುತ್ತಾರೆ.